ಅಜ್ಜಿ ಕಾಫಿ ಮುಟ್ಟಲಿಲ್ಲ

ಇವತ್ತು ನನ್ನ ಗಂಡನ ಅಜ್ಜಿ ಒಂದು ಇಡೀ ಆರೈಕೆ ಕೇಂದ್ರವನ್ನು ಫೇಲ್ ಮಾಡಿದರು, ಫ್ರೆಂಡ್ಸ್!

ಮರೆವಿನ ಕಾಯಿಲೆಯಿರುವ ಅವರನ್ನು ಅಲ್ಲಿ ಬಿಡಬಹುದೇ ಎಂದು ನೋಡಲು ನಾನು, ನನ್ನ ಗಂಡ, ಅಜ್ಜಿ ಮೂವರೂ ಕುಶಾಲನಗರಕ್ಕೆ ಹೋಗಿದ್ದೆವು. ಅಜ್ಜಿಯ ತಲೆಯಲ್ಲಿ ಮಾತ್ರ ಇನ್ನೂ 1956: ಕೊಡಗು ಮೈಸೂರಿಗೆ ಸೇರಿದ ಹೊಸತು, ತನ್ನ ತಂಗಿಗೆ ಗಂಡು ಹುಡುಕುವ ಕಾಲ. ಆ ಕೇಂದ್ರವನ್ನು ಗಂಡಿನ ಮನೆ ಎಂದೇ ತಿಳಿದರು.

ನಾನು ಸಿಸಿಟಿವಿ, ನರ್ಸ್, ಡಾಕ್ಟರ್ ಎಂದು ಸ್ಟೈಲಾಗಿ ವಿಚಾರಿಸಿದೆ. “ಎಲ್ಲಾ ಇದೆ ಮೇಡಂ,” ಎಂದರು ಮ್ಯಾನೇಜರ್. ಕಾಫಿ ಬಂತು. ಸಂಬಂಧ ಒಪ್ಪುವ ಮೊದಲು ಆ ಮನೆಯಲ್ಲಿ ಹನಿ ನೀರೂ ಮುಟ್ಟಬಾರದಲ್ಲ! ಅಜ್ಜಿ ಲೋಟ ಪಕ್ಕಕ್ಕಿಟ್ಟು, ಅಲ್ಲೇ ಇರುವ ವೃದ್ಧೆಯೊಬ್ಬರನ್ನು ಕೇಳಿದರು: “ಈ ಮನೆ ಅತ್ತೆ ಹೆಂಗವ್ವಾ?”

ಆಕೆ ನರ್ಸ್ ಕಡೆ ಕಣ್ಣು ಹಾಯಿಸಿದರು. “ಬಯ್ಯಲ್ಲ. ಆದ್ರೆ ಹೊತ್ತು ಮುಳುಗೋಕ್ ಮುಂಚೆ ಮಲಗಿಸಿ ಬಾಗ್ಲು ಹಾಕ್ತಾಳೆ.”

ಮ್ಯಾನೇಜರ್ ಮುಖ ನೋಡಬೇಕಿತ್ತು! “ಸ್ಟಾಫ್ ಸ್ವಲ್ಪ ಕಮ್ಮಿ, ಮೇಡಂ...”

ಅಜ್ಜಿ ಎದ್ದರು. “ಇಲ್ಲಿಗೆ ಹೆಣ್ಣು ಕೊಡಲ್ಲ.”

ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡರು. “ಅಳ್ಬೇಡ ತಂಗಿ, ಒಳ್ಳೆ ಗಂಡು ಹುಡುಕ್ತೀನಿ.”

“ಅಜ್ಜೀ, ಗಂಡ ನಾನಿದೀನಲ್ಲ!” ಎಂದ ನನ್ನವ.

“ಡ್ರೈವರೇ, ನೀನು ರಸ್ತೆ ನೋಡ್ಕಂಡು ಗಾಡಿ ಓಡ್ಸಪ್ಪ.”

ನಮ್ಮೂರು ಮಾದಾಪುರ ಬರುವವರೆಗೂ ಹೊಸದಾಗಿ ಮದುವೆಯಾದ ನನ್ನ ಗಂಡ ಡ್ರೈವರ್ ಆಗಿಯೇ ಉಳಿದ. ನಾನೂ ಅವನ ಪರ ವಹಿಸಲಿಲ್ಲ. ಅಜ್ಜಿ ಹುಡುಕುವ ಗಂಡು ಹೇಗಿರುತ್ತಾನೋ, ನೋಡಿಯಾದರೂ ನೋಡೋಣ!