ಅತ್ತಿಗೆ ಬಾತ್ ಕೊಂಡದ್ದು

ಪ್ರವಾಸದ ತಂಡವೊಂದರ ಜೊತೆ ಬ್ಯಾಂಕಾಕಿಗೆ ಹೋಗುವುದೆಂದು ಗೊತ್ತಾದಾಗ, ಹಣ ಬದಲಾಯಿಸುವ ಕೆಲಸ ನನ್ನದೆಂದೇ ಮನೆಯವರೆಲ್ಲ ಅಂದುಕೊಂಡಿದ್ದರು. ನಾನು ಕನಕಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನನ್ನ ಜೊತೆ ಹೊರಟವರು ಅತ್ತಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ನಮ್ಮೂರು ಕೈಲಾಂಚಕ್ಕೆ ಬಂದು, ಅಂದಿನಿಂದ ರೇಷ್ಮೆಹುಳ ಸಾಕುತ್ತಿರುವವರು. "ಹಸ, ಹುಳ ನಾನ್ ನೋಡ್ಕತೀನಿ, ನೀವಿಬ್ರೂ ಹೋಗ್ಬನ್ನಿ" ಎಂದು ಅಣ್ಣ ಊರಲ್ಲೇ ಉಳಿದ.

ಥಾಯ್ಲೆಂಡಿನ ದುಡ್ಡಿಗೆ ಬಾತ್ ಎನ್ನುತ್ತಾರೆಂದು ಹೇಳಿದಾಗ ಅತ್ತಿಗೆ ನಕ್ಕುಬಿಟ್ಟರು. "ಬಾತಾ? ವಾಂಗಿಬಾತ್ ಇದ್ದಂಗಾ?"

"ಏರ್‌ಪೋರ್ಟಲ್ಲಿ ಕೌಂಟರ್ ಇರುತ್ತೆ, ಹೋಗೋವಾಗ ತಗೊಂಡ್ರಾಯ್ತು" ಅಂದೆ.

"ಅಲ್ಲೆಷ್ಟು ಕೊಟ್ಟಾರು? ಬ್ಯಾರೆ ಕಡೆ ಎಷ್ಟು? ಕೇಳಿದ್ದೀಯಾ?"

ಕೇಳಿರಲಿಲ್ಲ. ಅತ್ತಿಗೆ ರಾಮನಗರದ ಬ್ಯಾಂಕಿಗೆ ಹೋಗಿ ವಿಚಾರಿಸಿದರು. ಅಲ್ಲಿ ಬಾತ್ ಇರಲಿಲ್ಲ. ಪ್ರವಾಸದ ಏಜೆಂಟು ತಾನೇ ತಂದುಕೊಡುತ್ತೇನೆಂದ, ಆದರೆ ರೇಟು ಮಾತ್ರ ಬಾಯಿಬಿಡಲಿಲ್ಲ. ಒಂದು ಶನಿವಾರ ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು.

ಮೊದಲ ಅಂಗಡಿಯ ಮುಂದೆ 'ಕಮಿಷನ್ ಇಲ್ಲ' ಎಂಬ ದೊಡ್ಡ ಬೋರ್ಡಿತ್ತು. ನಾನು ಪರ್ಸ್ ತೆಗೆದೆ. ಅತ್ತಿಗೆ ನನ್ನ ಕೈ ಹಿಡಿದು, ಕೌಂಟರಿನವನನ್ನು ಕೇಳಿದರು: "ಸಾರ್, ಎಲ್ಲಾ ಕಳ್ದು ಹತ್ತು ಸಾವ್ರಕ್ಕೆ ಕೈಗೆಷ್ಟು ಬಾತ್ ಬತ್ತದೆ?"

ಅವನು ಲೆಕ್ಕ ಹಾಕಿ ಹೇಳಿದ.

"ಈಗ ಅದೇ ಬಾತ್ನ ನಾವು ವಾಪಸ್ ಕೊಟ್ರೆ ಎಷ್ಟು ರೂಪಾಯಿ ಕೊಡ್ತೀರಾ?"

ಅವನು ಒಮ್ಮೆ ಅತ್ತಿಗೆಯ ಮುಖ ನೋಡಿ, ಮೆಲ್ಲಗೆ ಇನ್ನೊಂದು ಅಂಕಿ ಹೇಳಿದ. ಅದು ಹತ್ತು ಸಾವಿರಕ್ಕಿಂತ ಎಷ್ಟೋ ಕಡಿಮೆ ಇತ್ತು. ಹೊರಗೆ ಬಂದ ಮೇಲೆ ಅತ್ತಿಗೆ, "ಕಮಿಷನ್ ಇಲ್ಲ ಅಂತ ಬರ್ದವ್ರೆ. ಮಧ್ಯದ್ದು ಯಾರ ಜೇಬಿಗೆ ಹೋಯ್ತದೆ?" ಎಂದರು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಲಾಭ-ನಷ್ಟದ ಪಾಠ ಹೇಳುತ್ತಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಅದೇ ರಸ್ತೆಯಲ್ಲಿ ಒಬ್ಬ ಹತ್ತಿರ ಬಂದು, ಪಾಸ್‌ಪೋರ್ಟೂ ಬೇಡ, ಬಿಲ್ಲೂ ಬೇಡ, ಎಲ್ಲರಿಗಿಂತ ಹೆಚ್ಚು ಕೊಡುತ್ತೇನೆಂದ. ನನಗೆ ಆಸೆಯಾಯಿತು. ಅತ್ತಿಗೆ ನಿಲ್ಲಲೇ ಇಲ್ಲ. "ಬಿಲ್ ಕೊಡ್ದೋರ ಹತ್ರ ಬ್ಯಾಡ ಕಣಮ್ಮಿ. ಖೋಟಾ ನೋಟು ಕೊಟ್ರೆ ಯಾರ್ನ ಕೇಳಾನ?"

ಇನ್ನೂ ಎರಡು ಅಂಗಡಿಗಳಲ್ಲಿ ಅದೇ ಎರಡು ಪ್ರಶ್ನೆ ಕೇಳಿದರು. ಕೊನೆಯದು ಮಹಡಿಯ ಮೇಲಿನ ಸಣ್ಣ ಅಂಗಡಿ. ಕೊಡುವುದಕ್ಕೂ ಕೊಳ್ಳುವುದಕ್ಕೂ ನಡುವಿನ ಅಂತರ ಅಲ್ಲೇ ಎಲ್ಲಕ್ಕಿಂತ ಕಡಿಮೆ. ಆದರೂ ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತರು. "ನಾವು ರೇಷ್ಮೆಗೂಡು ಮಾರೋರು ಸಾರ್. ಮಾರ್ಕೆಟ್ಟಲ್ಲಿ ಹರಾಜ್ನಾಗೆ ಮೊದಲ್ನೇ ಸಲ ಕೂಗಿದ ರೇಟು ಹಿಡಿಸ್ದೇ ಇದ್ರೆ ಬ್ಯಾಡ ಅಂತೀವಿ, ಇನ್ನೊಂದ್ ಸಲ ಕೂಗ್ತಾರೆ. ನೀವೂ ಇನ್ನೊಂದ್ ಸಲ ಕೂಗಿ."

ಮಾಲೀಕರು ಜೋರಾಗಿ ನಕ್ಕರು. ಯಾರಿಗೋ ಫೋನ್ ಮಾಡಿ ಮಾತಾಡಿ, ಒಸಿ ಹೆಚ್ಚಿಗೆ ಕೊಡಲು ಒಪ್ಪಿದರು. ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ಟಿಕೆಟ್ಟಿನ ಜೆರಾಕ್ಸ್ ಕೊಟ್ಟು, ಬಿಲ್ ಸಮೇತ ಬಾತ್ ಪಡೆದೆವು. ಅತ್ತಿಗೆ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿಯೇ ಎದ್ದದ್ದು.

ಬ್ಯಾಂಕಾಕಿನಲ್ಲಿ ಇಳಿದು ಹೋಟೆಲಿಗೆ ಹೋಗುವ ಬಸ್ಸಿನಲ್ಲಿ ನಮ್ಮ ತಂಡದವರು ಹಣದ ಮಾತು ತೆಗೆದರು. ಹೆಚ್ಚಿನವರು ಏರ್‌ಪೋರ್ಟಿನಲ್ಲೇ ಬದಲಾಯಿಸಿಕೊಂಡಿದ್ದರು. ನಮಗೆ ಸಿಕ್ಕ ರೇಟು ಕೇಳಿ ಮುಂದಿನ ಸೀಟಿನ ಯಜಮಾನರು ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ಅಷ್ಟರಲ್ಲಿ ಗೈಡು, ಎಲ್ಲರೂ ತಮ್ಮ ಪರಿಚಯ ಹೇಳಿಕೊಳ್ಳಲಿ ಎಂದು ಮೈಕ್ ಕಳಿಸಿದ. ನನ್ನ ಸರದಿ ಬಂದಾಗ ಎದ್ದು ನಿಂತೆ. ಹೈಸ್ಕೂಲು, ಗಣಿತ ಯಾವುದೂ ಬಾಯಿಗೆ ಬರಲಿಲ್ಲ. "ಇವರು ನಮ್ಮ ಅತ್ತಿಗೆ" ಎಂದು ಶುರುಮಾಡಿ, ನಡೆದದ್ದನ್ನೆಲ್ಲ ಹೇಳಿದೆ.

"ಕೂತ್ಕೊ ಕಣಮ್ಮಿ, ನಾಚ್ಕೆ ಆಯ್ತದೆ" ಎಂದು ಅತ್ತಿಗೆ ನನ್ನ ಸೆರಗು ಜಗ್ಗುತ್ತಿದ್ದರು. ಕೂರಲು ಜಾಗವೆಲ್ಲಿತ್ತು? ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಂದು, ಆ ಎರಡು ಪ್ರಶ್ನೆಗಳನ್ನು ಮತ್ತೊಮ್ಮೆ ಹೇಳಿಕೊಡಿ ಎಂದು ಅತ್ತಿಗೆಯ ಪಕ್ಕ ನನ್ನ ಸೀಟಿನಲ್ಲೇ ಕೂತುಬಿಟ್ಟಿದ್ದರು. ಹೋಟೆಲ್ ಬರುವವರೆಗೂ ನಾನು ಸಂತೋಷವಾಗಿ ನಿಂತುಕೊಂಡೇ ಹೋದೆ.