ಜಿಲ್ಲೆ ಹೇಳದ ಊರಿನ ತಟ್ಟೆ

ಆ ಶನಿವಾರ ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು. ಅತ್ತೆಯವರ ಪೂಜೆಗೆ ಪತ್ರೆ ತೊಳೆದಿಟ್ಟಿದ್ದು. ನೀರು ಬಂತೆಂದು ಓಡಿ ಹೋಗಿ ಸಂಪಿನ ಮುಚ್ಚಳ ತೆಗೆದಿದ್ದು, ಬಂದಿಲ್ಲವೆಂದು ಮತ್ತೆ ಮುಚ್ಚಿದ್ದು. ಮಿಕ್ಸಿಯ ಜಾರ್ ರಿಪೇರಿಗೆ ಕೊಟ್ಟಿದ್ದು. ಕೊರಿಯರ್‌ನವನಿಗೆ ಫೋನಿನಲ್ಲಿ ಮನೆಯ ದಾರಿ ಹೇಳಿದ್ದು. ಒಂದೇ ತಿಂಡಿಯನ್ನು ಮೂರು ಬಗೆಯಲ್ಲಿ ಮಾಡಿ, ಯಾರನ್ನೂ ತಿನ್ನಲು ಬಿಡದೆ, ಎದುರಿಗಿಟ್ಟುಕೊಂಡು ನೋಡುತ್ತಾ ಕೂತಿದ್ದು. ಈ ಕೊನೆಯ ಕೆಲಸ ನಮ್ಮ ಮನೆಯಲ್ಲಿ ದಿನಾ ಇರುವುದಿಲ್ಲ. ಮಗಳಿಗಾಗಿ ಮಾಡಿದ್ದು.

ಮಗಳು ಟಿವಿಗೆ ಕಾರ್ಟೂನ್ ತಯಾರಿಸುವ ಒಂದು ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾಳೆ. ಮನುಷ್ಯರನ್ನಲ್ಲ, ಮನುಷ್ಯರ ಹಿಂದೆ ಮುಂದೆ ಇರುವುದನ್ನು: ಗೋಡೆ, ಕಿಟಕಿ, ಒಲೆ, ರಸ್ತೆ. ಅವಳು ಕೆಲಸ ಮಾಡುವ ಕಾರ್ಟೂನಿನ ಊರಿಗೆ ಹೆಸರಿದೆ, ಜಿಲ್ಲೆಯಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಊರಿನ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆ. ನೀರಿನ ಟ್ಯಾಂಕ್ ಹತ್ತಿ ನಿಂತರೆ ಸಮುದ್ರವೂ ಕಾಣುತ್ತದೆ, ಇಳಿದು ನಾಲ್ಕು ಹೆಜ್ಜೆ ನಡೆದರೆ ಜೋಳದ ಹೊಲ. ಊರ ಬಾಗಿಲಿಗೆ ಬೋರ್ಡಿದೆ. ಅದರಲ್ಲಿ ಜಿಲ್ಲೆಯ ಹೆಸರಿರುವ ಸಾಲಿಗೆ ಸರಿಯಾಗಿ ಒಂದು ಎಮ್ಮೆ ಅಡ್ಡ ನಿಂತಿರುತ್ತದೆ. ಒಂದು ಕಂತಿನಲ್ಲಿ ಆ ಎಮ್ಮೆ ಅಂತೂ ಪಕ್ಕಕ್ಕೆ ಸರಿಯಿತು. ಹಿಂದೆ ಅದರ ಕರು ನಿಂತಿತ್ತು.

ಜಿಲ್ಲೆ ಹೇಳಿಬಿಟ್ಟರೆ ಆ ಜಿಲ್ಲೆಯವರು ತಪ್ಪು ಹುಡುಕುತ್ತಾರೆ, ಮಿಕ್ಕವರು ಚಾನೆಲ್ ಬದಲಾಯಿಸುತ್ತಾರೆ. ಹೇಳದಿದ್ದರೆ ಎಲ್ಲರೂ ನಮ್ಮದೇ ಊರು ಅಂದುಕೊಳ್ಳುತ್ತಾರೆ ಎಂಬುದು ಅವಳ ಡೈರೆಕ್ಟರ್ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ನನ್ನ ಗಂಡ ರಾಣೆಬೆನ್ನೂರಿನವರು. ಮೊದಲ ಕಂತು ಮುಗಿಯುವ ಮುಂಚೆಯೇ, "ಇದು ನಮ್ಮ ಸ್ಟೇಷನ್ ರೋಡು, ನೋಡು ಬೇಕಾದ್ರ" ಎಂದು ತೀರ್ಪು ಕೊಟ್ಟರು. ನಾನು ತಿಪಟೂರಿನವಳು. ಪರದೆಯ ಮೇಲಿದ್ದ ತೆಂಗಿನ ಸಾಲು ನೋಡಿಯೂ ಸುಮ್ಮನಿದ್ದೆ. ಕಣ್ಣಿಗೆ ಕಾಣುತ್ತಿರುವ ಸತ್ಯಕ್ಕೆ ವಾದ ಯಾಕೆ?

ಹಾಗೆ ನೋಡಿದರೆ ಈ ಕಲೆ ನಮಗೇನೂ ಹೊಸದಲ್ಲ. ನಮ್ಮ ಮನೆಯಿರುವುದು ಆರ್‌ಪಿಸಿ ಲೇಔಟಿನ ಅಂಚಿನ ರಸ್ತೆಯಲ್ಲಿ. ನೆಂಟರಿಗೆ ವಿಜಯನಗರ ಎನ್ನುತ್ತೇವೆ. ಮಹಡಿ ಮನೆ ಬಾಡಿಗೆಗೆ ಕೇಳಿಕೊಂಡು ಬಂದವರಿಗೆ "ಮೆಟ್ರೋ ಪಕ್ಕದಲ್ಲೇ" ಎನ್ನುತ್ತೇವೆ. ಅತ್ತೆಯವರು ಊರಿಗೆ ಫೋನ್ ಮಾಡಿದಾಗ ಬರೀ "ಬೆಂಗಳೂರಾಗ". ಕೊರಿಯರ್‌ನವನು ಮಾತ್ರ, "ಆಂಟಿ, ಕರೆಕ್ಟಾಗಿ ಹೇಳಿ, ಯಾವ ಏರಿಯಾ?" ಎಂದು ಕೇಳಿ ಇಡೀ ಮನೆಯನ್ನು ಪೇಚಿಗೆ ಸಿಕ್ಕಿಸುತ್ತಾನೆ.

ಆ ವಾರ ಮಗಳ ಪಾಲಿಗೆ ಬಂದಿದ್ದು ಅಡುಗೆಮನೆ. ಶಾಲೆಯಿಂದ ಬಂದ ಹುಡುಗಿಗೆ ತಾಯಿ ತಟ್ಟೆ ತಂದಿಡುವ ದೃಶ್ಯ. ತಟ್ಟೆಯಲ್ಲಿ ಏನಿರಬೇಕೆಂದು ಯಾರೂ ಹೇಳಿರಲಿಲ್ಲ. ಮೊದಲು ಮುದ್ದೆ ಬರೆದಳು. ವಾಪಸ್ ಬಂತು. ಆಮೇಲೆ ಜಾಣತನ ಮಾಡಿ ಅನ್ನ, ಸಾರು ಬರೆದಳು. ಅನ್ನ ಸಾರಿಗೆ ಎಲ್ಲಿಯ ಜಿಲ್ಲೆ? ಅದೂ ವಾಪಸ್ ಬಂತು. ಡೈರೆಕ್ಟರ್ ತಟ್ಟೆಯ ಅಂಚಿಗೆ ಕೆಂಪು ಸುತ್ತು ಹಾಕಿ ಕಳಿಸಿದ್ದರು. ಅಲ್ಲಿ ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಪುಟ್ಟ ಗುಡ್ಡೆ. ಗುಡ್ಡೆಯ ನೆತ್ತಿಯಲ್ಲಿ ಬೆರಳಿನಿಂದ ಒತ್ತಿದ ಕುಳಿ. ಕುಳಿಯ ತುಂಬ ಎಣ್ಣೆ.

ನಮ್ಮ ಮನೆಯಲ್ಲಿ ಊಟ ಶುರುವಾಗುವುದೇ ಹಾಗೆ. ಯಾರ ತಟ್ಟೆಗೆ ಏನು ಬೀಳುವ ಮುಂಚೆಯೂ ಅತ್ತೆಯವರು ಹಿಂಡಿ ಹಾಕಿ, ಕುಳಿ ಒತ್ತಿ, ಎಣ್ಣೆ ಬಿಡುತ್ತಾರೆ.

"ಅದನ್ನ ಬರ್ದಿದೀನಿ ಅಂತಾನೇ ಗೊತ್ತಿರ್ಲಿಲ್ಲ ಅಮ್ಮ" ಎಂದಳು ಮಗಳು. "ತಟ್ಟೆ ಅಂದ್ರೆ ಅದೂ ಸೇರ್ಕೊಂಡೇ ಇರುತ್ತೆ ಅಂದ್ಕೊಂಡಿದ್ದೆ."

ಆ ತಿಂಗಳಿಗೆ ಅವಳ ಪ್ರೊಬೇಷನ್ ಮುಗಿಯುವುದಿತ್ತು. ಶನಿವಾರ ಸಂಜೆಯೊಳಗೆ ಮೂರನೇ ಚಿತ್ರ ಹೋಗಬೇಕು, ಅದೂ ವಾಪಸಾದರೆ ಕೆಲಸ ಕಾಯಂ ಆಗುವುದಿಲ್ಲ ಎಂದು ಡೈರೆಕ್ಟರ್ ಹೇಳಿದ್ದರು. ಊರಿನ ಜಿಲ್ಲೆ ಬಾಯಿಬಿಡದ ಮನುಷ್ಯ ಇದನ್ನು ಮಾತ್ರ ಬಹಳ ಸ್ಪಷ್ಟವಾಗಿ ಹೇಳಿದ್ದರು. ಅವಳು ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹಾಗಾಗಿ ಶನಿವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಸಭೆ ಸೇರಿತು.

"ರೊಟ್ಟಿ ಬರಿಯವಾ" ಎಂದರು ಅತ್ತೆಯವರು. "ರೊಟ್ಟಿ ಒಲ್ಲೆ ಅನ್ನೋರು ಯಾರದಾರ?"

"ರೊಟ್ಟಿ ಹಾಕಿದ್ರೆ ಹುಬ್ಬಳ್ಳಿ ಅಂತ ಸಿಕ್ಕಾಕೊಳ್ತೀನಿ ಅಜ್ಜಿ."

"ಹುಬ್ಬಳ್ಳಿ ಅಂದ್ರ ಏನು, ಜೈಲೇನು?"

"ಚಪಾತಿ ಹಾಕು. ಚಪಾತಿ ಇಡೀ ದೇಶಕ್ಕ ಸೇರಿದ್ದು" ಎಂದರು ನನ್ನ ಗಂಡ.

"ಸ್ಕೂಲಿಂದ ಬಂದ್ ಮಗೂಗೆ ಚಪಾತಿ ಕೊಟ್ರೆ ಶುಗರ್ ಇರೋವ್ರ ಮನೆ ಆಗುತ್ತೆ ಅಪ್ಪ."

ಗಂಡ ಚಪಾತಿಯನ್ನು ವಾಪಸ್ ತೆಗೆದುಕೊಂಡರು. ಅವರಿಗೆ ಶುಗರ್ ಇದೆ.

ಅಷ್ಟರಲ್ಲಿ ಎದುರುಮನೆಯ ಟೀಚರ್ ಕರಿಬೇವು ಕೇಳಿಕೊಂಡು ಬಂದರು. ಮಂಡ್ಯ ಕಡೆಯವರು, ಮಾತಿನಲ್ಲಿ ಉಳಿಸಿಕೊಳ್ಳುವವರಲ್ಲ. ವಿಷಯ ಕೇಳಿ ನಿಂತಲ್ಲೇ ತೀರ್ಮಾನ ಹೇಳಿದರು: "ಉಪ್ಪಿಟ್ಟು ಹಾಕ್ಬಿಡಮ್ಮ. ಅದನ್ನ ಯಾವ್ ಜಿಲ್ಲೆಯವ್ರೂ ನಮ್ದು ಅಂತ ಕಿತ್ತಾಡಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ದೊಡ್ಡ ಸತ್ಯ ನಮ್ಮ ಅಡುಗೆಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ. ನೋಡಿಕೊಂಡು ಬರೆಯಲಿ ಎಂದು ಕೂಡಲೇ ರವೆ ಹುರಿದೆ. ನನ್ನಮ್ಮ ಮಾಡುತ್ತಿದ್ದ ಹಾಗೆ ಬೆಳ್ಳಗೆ, ಹುಡಿಹುಡಿಯಾಗಿ ಮಾಡಿ ತಟ್ಟೆಗೆ ಹಾಕಿ ಮಗಳ ಮುಂದಿಟ್ಟೆ.

"ಮೇಲೆ ಇಷ್ಟ್ ಕಾಯಿತುರಿ ಯಾಕಮ್ಮ? ಬರೀ ತಿಪಟೂರು!"

ಕಾಯಿತುರಿ ಬಿದ್ದಿತ್ತು. ನನ್ನ ಕೈ ಯಾವಾಗ ಹಾಕಿತೋ ನನಗೇ ತಿಳಿಯದು.

"ಸರೀ ಮಾಡೋದು ನಾ ತೋರಸ್ತೀನಿ ತಡಿ" ಎಂದು ಅತ್ತೆಯವರು ಇನ್ನೊಂದು ತಟ್ಟೆಗೆ ಹಾಕಿಕೊಂಡು, ನಿಂಬೆಹಣ್ಣು ಹಿಂಡಿ, ಮೇಲೆ ಧಾರಾಳವಾಗಿ ಸೇವು ಉದುರಿಸಿದರು. ಅದು ನೇರವಾಗಿ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಇಳಿಯಿತು. ಟೀಚರಿಗೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿ, ಟೊಮೆಟೊ ಹೆಚ್ಚಿ, ಅರಿಶಿನ ಹಾಕಿ ಮೂರನೆಯದನ್ನು ತಾವೇ ಮಾಡಿದರು. ಬಟ್ಟಲಿಗೆ ಒತ್ತಿ ತಟ್ಟೆಗೆ ಬೋರಲು ಹಾಕಿದ್ದರಿಂದ ಗುಂಡಗೆ ಕೂತಿತು.

"ಆಂಟಿ, ಇದು ದರ್ಶಿನಿ ಖಾರಾಬಾತ್" ಎಂದಳು ಮಗಳು. ಅವಳ ದನಿ ಅಳುವಿನ ಹತ್ತಿರ ಬಂದಿತ್ತು.

ಯಾರದ್ದೂ ಅಲ್ಲದ ಉಪ್ಪಿಟ್ಟಿಗೆ ಅರ್ಧ ಗಂಟೆಯಲ್ಲಿ ಮೂರು ಜನ ವಾರಸುದಾರರು. ಆಗಲೇ ಡೈರೆಕ್ಟರ್ ಫೋನ್ ಬಂತು. ಮಗಳು ಬಾಲ್ಕನಿಗೆ ಹೋಗಿ, "ಕಳಿಸ್ತೀನಿ ಸಾರ್, ಸಂಜೆ ಒಳಗೆ ಖಂಡಿತ ಸಾರ್" ಎನ್ನುವುದು ಕೇಳಿಸುತ್ತಿತ್ತು. ನಾನು ಮೂರೂ ತಟ್ಟೆಗಳ ಮೇಲೆ ಮೂರು ತಟ್ಟೆ ಕವುಚಿ ಹಾಕಿದೆ. ಚಿಂತೆಗೆ ಒಂದು ಗತಿ ಆಗುವವರೆಗೆ ನೊಣವಾದರೂ ಕೂರದಿರಲಿ ಎಂದು. ಮಾಡಿದ್ದನ್ನು ತೆರೆದಿಟ್ಟರೆ ನನಗೆ ಸಮಾಧಾನವಿಲ್ಲ.

ಮಗಳು ಒಳಗೆ ಬಂದವಳು ಮೇಜಿನ ಮುಂದೆ ನಿಂತುಬಿಟ್ಟಳು. ಕವುಚಿದ ತಟ್ಟೆಗಳ ಸಂದಿಯಿಂದ ಸಣ್ಣಗೆ ಹಬೆ ಬರುತ್ತಿತ್ತು.

"ಅಮ್ಮ, ಯಾವುದ್ರಲ್ಲಿ ಯಾವ್ದಿದೆ?"

"ತೆಗೆದು ನೋಡ್ಬೇಕು ಕಣೇ."

"ತೆಗೀಬೇಡ" ಎಂದಳು. "ಯಾರೂ ಮುಟ್ಬೇಡಿ."

ಅಲ್ಲೇ ಕೂತು ಬರೆದಳು. ತಾಯಿಯ ಕೈಗೆ ಇಷ್ಟು ಜಾಗ, ಅಲ್ಲಿ ಮುಚ್ಚಿದ ತಟ್ಟೆ, ಅಂಚಿನಿಂದ ಹಬೆ, ಹಬೆಗೆ ಮೂಗೊಡ್ಡಿ ಬಗ್ಗಲು ಹುಡುಗಿಗೆ ಇಷ್ಟು ಜಾಗ. ಟೀಚರ್ ಬಗ್ಗಿ ನೋಡಿ, "ಅಯ್ಯೋ, ಒಳಗೇನಿದೆ ಅಂತಾನೇ ಗೊತ್ತಾಗಲ್ವಲ್ಲಮ್ಮ" ಎಂದು ಕನಿಕರಪಟ್ಟರು. ಚಿತ್ರ ಹೋಯಿತು. ನಾವು ಐದೂ ಜನ ಫೋನ್ ನೋಡುತ್ತಾ ಕೂತೆವು. ಟೀಚರ್ ಕರಿಬೇವು ತೆಗೆದುಕೊಂಡು ಮನೆಗೆ ಹೋಗುವುದನ್ನು ಮರೆತರು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. ಮಗಳು ಸ್ಪೀಕರ್ ಹಾಕಿದಳು.

"ಒಳಗೆ ಏನಿದೆ?" ಎಂದಿತು ಡೈರೆಕ್ಟರ್ ದನಿ.

"ಗೊತ್ತಿಲ್ಲ ಸಾರ್."

ಆಮೇಲೆ ಅದೇ ದನಿ, ಆದರೆ ಬೇರೆ ಯಾರೋ ಮಾತಾಡಿದ ಹಾಗೆ: "ನಮ್ಮಮ್ಮ ಪತ್ರೊಡೆ ಮಾಡಿ ಸೇಮ್ ಹೀಗೇ ಮುಚ್ಚಿಡ್ತಿದ್ರು ಮಾರಾಯ್ರೆ. ಸ್ಕೂಲಿಂದ ಬಂದ ಕೂಡ್ಲೇ ಆ ಪರಿಮಳ..." ಮಾತು ಅಲ್ಲಿಗೇ ಕಡಿದು, ಆಫೀಸಿನ ದನಿ ವಾಪಸ್ ಬಂತು. "ಇರಲಿ. ಚಿತ್ರ ಓಕೆ. ಸೋಮವಾರ ಬಂದು ಕನ್ಫರ್ಮೇಷನ್ ಲೆಟರ್ ತಗೊಳ್ಳಿ."

ಫೋನಿಟ್ಟ ಮೇಲೆ ಮಗಳು ಮೊದಲು ಹೇಳಿದ್ದು ಕೆಲಸದ ಮಾತಲ್ಲ. "ಅಮ್ಮ, ಸಾರ್ ಮಂಗಳೂರ್ ಕಡೆಯೋರು! ಇಷ್ಟ್ ದಿನ ಆಫೀಸಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ!"

"ಪಾಪ" ಎಂದರು ಅತ್ತೆಯವರು. "ಎಮ್ಮಿ ಸರೀತು ನೋಡು."

ರಾತ್ರಿ ಉಂಡಿದ್ದು ಆರಿ ಗಟ್ಟಿಯಾದ ಮೂರು ಬಗೆಯ ಉಪ್ಪಿಟ್ಟು, ಎಲ್ಲವನ್ನೂ ಒಟ್ಟಿಗೆ ಕಲಸಿ ಬಿಸಿ ಮಾಡಿದ್ದು. ಕಾಯಿತುರಿ, ಸೇವು, ಟೊಮೆಟೊ ಎಲ್ಲ ಒಂದೇ ಬಾಣಲೆಯಲ್ಲಿ. ಈಗ ನಿಜಕ್ಕೂ ಅದಕ್ಕೆ ಜಿಲ್ಲೆ ಇರಲಿಲ್ಲ, ರುಚಿಯೂ ಅಷ್ಟಕ್ಕಷ್ಟೇ. ಅತ್ತೆಯವರು ಎಲ್ಲರ ತಟ್ಟೆಗೂ ಹಿಂಡಿ ಹಾಕಿ, ಕುಳಿ ಒತ್ತಿ, ಎಣ್ಣೆ ಬಿಟ್ಟರು. ಮಗಳದಕ್ಕೆ ಒಂದು ಹನಿ ಜಾಸ್ತಿ. ಕೊರಿಯರ್ ಬರಲಿಲ್ಲ, ಅವನು ಇನ್ನೂ ವಿಜಯನಗರದಲ್ಲೇ ಹುಡುಕುತ್ತಿರಬೇಕು.

ಮೊದಲು ಮಲಗುವವರು ಯಾವತ್ತೂ ಅತ್ತೆಯವರು. ಆ ದಿನ ಮಗಳು. ಕೈ ತೊಳೆದು ಬಂದವಳು ಸೋಫಾದ ಮೇಲೆ ಹಾಗೇ ಒರಗಿ, ಅಪ್ಪ ಟಿವಿ ಆರಿಸುವ ಮುಂಚೆಯೇ ನಿದ್ದೆ ಹೋಗಿದ್ದಳು.