ಬಿಸಿಗಾಳಿ ಮಾಮನ ಹದಿನೈದು ನಿಮಿಷ

ಬೆಳಗಿನ ಆರು ಗಂಟೆ. ಹೆದ್ದಾರಿ ಪಕ್ಕದ ಶೆಡ್ಡಿನ ಮುಂದೆ ಬಂದು ನಿಂತ ಲಾರಿಯ ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿದೆ. ಎರಡು ಸ್ವೆಟರ್, ಅದರ ಮೇಲೊಂದು ಕಂಬಳಿ ಹೊದ್ದ ಡ್ರೈವರ್ ಹಲ್ಲು ಕಟಕಟಿಸುತ್ತಾ ಇಳಿಯುತ್ತಾನೆ. "ಮಾಮಾ, ಹೀಟರ್ ಹಾಕಿದ್ರೆ ಇನ್ನೂ ಚಳಿ! ಬರೀ ತಣ್ಣನೆ ಗಾಳಿ."

"ಹಾಗಾದ್ರೆ ಬೇಸಿಗೆಗೆ ಎತ್ತಿಡು, ಉಪಯೋಗಕ್ಕೆ ಬರುತ್ತೆ," ಎನ್ನುತ್ತಾ ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ತೂರಿಸುತ್ತಾರೆ.

ಅರವತ್ತೆರಡರ ಈ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಏನಾದರೂ ಇರಲಿ, ಈ ದಾರಿಯ ಡ್ರೈವರ್‌ಗಳಿಗೆ ಅವರು ಬಿಸಿಗಾಳಿ ಮಾಮ. ಎಂಜಿನ್ ಚಾಲು ಮಾಡಿಸಿ, ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬರಿಗೈಯಲ್ಲಿ ಹಿಡಿಯುತ್ತಾರೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಒಳಗೆ ಕಸ ಕಟ್ಟಿಕೊಂಡಿದೆ ಎಂದರ್ಥ. ಎರಡೂ ಬಿಸಿಯಿದ್ದರೆ ಗಾಳಿ ತಿರುಗಿಸುವ ಬಾಗಿಲು ಸಿಕ್ಕಿಕೊಂಡಿದೆ. ಇವತ್ತು ಎಷ್ಟು ಹೊತ್ತಾದರೂ ಎರಡೂ ಉಗುರುಬೆಚ್ಚಗೇ ಇವೆ. ಮಾಮ ತಲೆಯೆತ್ತಿ ಡ್ರೈವರನ್ನು ದುರುಗುಟ್ಟಿ ನೋಡುತ್ತಾರೆ.

"ಬೇಸಿಗೇಲಿ ಎಂಜಿನ್ ಕಾಯ್ತಿದೆ ಅಂತ ಥರ್ಮೋಸ್ಟಾಟ್ ಕೀಳಿಸಿದ್ಯಾ?"

ಡ್ರೈವರ್ ತಲೆ ಕೆರೆದುಕೊಳ್ಳುತ್ತಾನೆ. "ಹೌದಲ್ವಾ! ಮರೆತೇಬಿಟ್ಟಿದ್ದೆ."

"ಎಂಜಿನ್‌ಗೇ ಬಿಸಿ ಏರ್ತಿಲ್ಲ, ನಿನಗೆಲ್ಲಿಂದ ಕೊಡುತ್ತೆ ಪಾಪ?"

ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಸಾಮಾನು ಈ ಥರ್ಮೋಸ್ಟಾಟ್. ಚಳಿಗಾಲದ ಮೊದಲ ತಿಂಗಳು ಬರುವ ಹತ್ತು ಲಾರಿಗಳಲ್ಲಿ ನಾಲ್ಕರದ್ದು ಇದೇ ಕಥೆ.

ಮಾಮ ಈ ಕೆಲಸಕ್ಕಿಳಿದು ಮೂವತ್ತನಾಲ್ಕು ವರ್ಷ. ಶೆಡ್ಡಿನ ಹಿಂದಿನ ಎರಡು ಕೋಣೆಗಳೇ ಮನೆ. ನಾಲ್ಕು ಚಳಿಗಾಲಗಳ ಹಿಂದಿನವರೆಗೆ ಹೆಂಡತಿಯೂ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದರು. "ಹದಿಮೂರರ ಸ್ಪ್ಯಾನರ್ ಬೇಕು ಅಂತ ನಾನು ಬಾಯಿ ಬಿಡೋಕೆ ಮೊದಲೇ ಕೈಗೆ ಬಂದಿರ್ತಿತ್ತು. ಬೈಗುಳಾನೂ ಜೊತೆಗೇ ಬರ್ತಿತ್ತು ಅನ್ನಿ," ಎಂದು ನಗುತ್ತಾರೆ. ಆಕೆ ತೀರಿಹೋದ ಮೇಲೆ ಮನೆಯಲ್ಲಿ ಮಾತಾಡಿಸುವವರಿಲ್ಲ. ಸಂಜೆ ಬಾಗಿಲು ಹಾಕಿದರೆ ಬೆಳಗಿನವರೆಗೂ ತುಟಿ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಅದು ತುಂಬಾ ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಅದಕ್ಕೇ ಒಂದು ಉಪಾಯ ಹೂಡಿದ್ದಾರೆ. ರಿಪೇರಿ ಮುಗಿದ ಮೇಲೆ ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕೂತು ಹದಿನೈದು ನಿಮಿಷ ಹೀಟರ್ ಪರೀಕ್ಷಿಸಲೇಬೇಕು ಎನ್ನುವುದು ಅವರ ಕಟ್ಟುನಿಟ್ಟಿನ ನಿಯಮ. "ನಿಜ ಹೇಳ್ಬೇಕಂದ್ರೆ ಐದು ನಿಮಿಷ ಸಾಕು. ಇದು ಗೊತ್ತಾದ್ರೆ ಆಮೇಲೆ ಯಾರು ಕೂರ್ತಾರೆ ಹೇಳಿ?" ಎಂದು ದನಿ ತಗ್ಗಿಸುತ್ತಾರೆ.

ಹೊಸ ಥರ್ಮೋಸ್ಟಾಟ್ ಕೂತಿತು, ಎಂಜಿನ್ ತಂಪಿಡುವ ಹಸಿರು ಕೂಲೆಂಟ್ ತುಂಬಿತು, ಪೈಪಿನೊಳಗಿನ ಗಾಳಿ ಗುಳುಗುಳು ಎಂದು ಹೊರಬಂತು. ಇಬ್ಬರೂ ಕ್ಯಾಬಿನ್ ಹತ್ತುತ್ತಾರೆ. ಐದನೇ ನಿಮಿಷಕ್ಕೆ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಹತ್ತು ಗಂಟೆಗೆ ಸರಕು ಇಳಿಸಬೇಕಾದ ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತಾನೆ. ಮಾಮ ಹೀಟರಿನ ಗುಂಡಿಯನ್ನು ಮತ್ತೊಮ್ಮೆ ತಿರುಗಿಸುತ್ತಾರೆ.

"ಇನ್ನೂ ಹತ್ತು ನಿಮಿಷ ನೋಡ್ಬೇಕಪ್ಪಾ. ದಾರೀಲಿ ಕೈ ಕೊಟ್ರೆ?"

"ಬೇರೆ ಕಡೆಯೆಲ್ಲ ಐದೇ ನಿಮಿಷಕ್ಕೆ ಕಳಿಸಿಬಿಡ್ತಾರೆ ಮಾಮಾ," ಎಂದು ಡ್ರೈವರ್ ನಗುತ್ತಾನೆ. "ನಮಗೆಲ್ಲ ಯಾವತ್ತೋ ಗೊತ್ತು."

ಮಾಮನ ಮುಖ ಕೆಂಪೇರುತ್ತದೆ. ಬಾಗಿಲಿನ ಹಿಡಿಗೆ ಕೈ ಹಾಕುತ್ತಾರೆ.

"ಅಯ್ಯೋ, ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ ಮಾಮಾ. ನನ್ನ ಮಗಳು ಸ್ಕೂಲ್ ಬಿಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಏನ್ ಮಾಡ್ಲಿ, ನೀವೇ ಹೇಳಿ."

ಮಾಮ ಕೂರುತ್ತಾರೆ. ಮಗಳ ವಿಷಯ ಮುಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ದಾಟಿರುತ್ತದೆ.

ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅಂಗಳದಲ್ಲೇ ನಿಂತಿರುತ್ತಾರೆ. ಆಮೇಲೆ ಕೈ ಒರೆಸಿಕೊಳ್ಳುತ್ತಾ, ಇನ್ನೂ ನಂಬಿಕೆ ಬಾರದವರ ಹಾಗೆ ಹೇಳುತ್ತಾರೆ:

"ಗೊತ್ತಿದ್ದೂ ಕೂತಿರ್ತಿದ್ರಂತೆ ಕಣ್ರೀ."